ಮೊದಲ ಬೆಂಚಿನ ಹನುಮಂತರಾಯಪ್ಪ ಮೇಷ್ಟ್ರು

ಅವರು ಕಾಲೇಜಿನ ಮೆಟ್ಟಿಲ ಮೇಲೆ ಜಾರಿ ಬೀಳಬಹುದಿತ್ತು. ಹುಡುಗರು ಅವರ ಕೊಡೆ ಬಚ್ಚಿಟ್ಟು ಕಾಡಿಸಬಹುದಿತ್ತು. ನಾನು ಬೋರ್ಡಿನ ಮೇಲೆ ಎಳೆದ ಬೇಡಿಕೆಯ ರೇಖೆ ಸೊಟ್ಟಗಿದೆ ಎಂದು ಮೇಷ್ಟ್ರು ಎಲ್ಲರೆದುರು ಎದ್ದು ನಿಂತು ಹೇಳಬಹುದಿತ್ತು. ಪಾಠದ ನಡುವೆ ಹಳೆಯ ಅಭ್ಯಾಸ ಕೆರಳಿ "ಲೇ ನಾಗ, ಗಟ್ಟಿಯಾಗಿ ಹೇಳ್ಲಾ" ಎಂದು ಗದರಬಹುದಿತ್ತು. ವಿಶ್ವವಿದ್ಯಾಲಯದವರು ವಯಸ್ಸಿನ ಕಾಲಂ ನೋಡಿ ಹೌಹಾರಿ ನನ್ನಿಂದಲೇ ವಿವರಣೆ ಕೇಳಬಹುದಿತ್ತು. ಯಾವುದೋ ದೇಶದಲ್ಲಿ ಕೂತ ಯಂತ್ರವೊಂದು 'ಈ ವಿದ್ಯಾರ್ಥಿಗೆ ಅರವತ್ತು ದಾಟಿದೆ' ಎಂದು ಪತ್ತೆಹಚ್ಚಿ, ಪೊಲೀಸರನ್ನು ನೇರ ನಮ್ಮ ಸ್ಟಾಫ್ ರೂಮಿಗೇ ಕಳಿಸಬಹುದಿತ್ತು.

ಇಷ್ಟೂ ಭಯಗಳನ್ನು ಎದೆಯಲ್ಲಿಟ್ಟುಕೊಂಡು ಮೂರು ವರ್ಷ ಪಾಠ ಮಾಡಿದೆ. ನನಗೆ ರಕ್ತದೊತ್ತಡದ ಮಾತ್ರೆ ಶುರುವಾದದ್ದೂ ಆಗಲೇ. ಹೆಂಡತಿ ಮಾತ್ರ ಅದಕ್ಕೆ ಉಪ್ಪಿನಕಾಯಿ ಕಾರಣ ಎನ್ನುತ್ತಾಳೆ.

ಹನುಮಂತರಾಯಪ್ಪನವರು ಹೊಳವನಹಳ್ಳಿಯ ಶಾಲೆಯಲ್ಲಿ ನನಗೆ ಮಗ್ಗಿ ಕಲಿಸಿದ ಮೇಷ್ಟ್ರು. ಪಿಯುಸಿ ಮುಗಿಸಿ ಟಿ.ಸಿ.ಎಚ್. ಶಿಕ್ಷಕ ತರಬೇತಿ ಮಾಡಿ ಕೆಲಸಕ್ಕೆ ಸೇರಿದವರು ಡಿಗ್ರಿಯ ತಂಟೆಗೇ ಹೋಗಿರಲಿಲ್ಲ. ನಾನು ಮಧುಗಿರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವವನು. ಆ ವರ್ಷ ಹೊಸ ಬಿ.ಎ. ತರಗತಿಗೆ ಹಾಜರಿ ಪುಸ್ತಕ ಹಿಡಿದು ಹೋದರೆ, ಮೊದಲ ಬೆಂಚಿನಲ್ಲಿ ಬಿಳಿ ಅಂಗಿ, ಬಿಳಿ ಮೀಸೆ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ನನ್ನನ್ನು ಕಂಡದ್ದೇ ಎದ್ದು ನಿಂತು "ನಮಸ್ಕಾರ ಸಾರ್" ಎಂದರು.

ಹಾಜರಿ ಪುಸ್ತಕ ಕೈಜಾರಿತು. ಬಾಗಿಲಲ್ಲೇ ಕೈಕಟ್ಟಿ ನಿಂತು "ಒಳಗೆ ಬರಲಾ ಸಾರ್?" ಎಂದು ನಾನೇ ಕೇಳಿಬಿಟ್ಟೆ.

ಇಡೀ ತರಗತಿ ಹೋ ಎಂದಿತು. ಪಾವಗಡದ ಕಡೆಯ ಪದ್ಮಾವತಿ ಎಂಬ ಹುಡುಗಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಸಾರ್, ಈ ತಾತ ಪಾಠ ಮಾಡಾಕೆ ಬಂದವ್ರೇಮೋ ಅನ್ಕೊಂಡಿದ್ವಿ. ಚೂಸ್ತೇ ಆಯಪ್ಪನೂ ಸ್ಟೂಡೆಂಟೇ ಅಂಟ!" ಎಂದಳು. ಆವತ್ತು ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ. ಮೇಷ್ಟ್ರು ಮಾತ್ರ ಎಲ್ಲ ಬರೆದುಕೊಂಡರು.

ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ಅವರನ್ನು ಹಿಡಿದೆ. "ಏನಿದು ಮೇಷ್ಟ್ರೇ?"

ತರಗತಿಯ ಹೊಸ್ತಿಲು ದಾಟಿದ್ದೇ ತಡ, 'ಸಾರ್' ಹೋಗಿ 'ಲೇ' ಬಂದಿತ್ತು. "ರಿಟೈರ್ ಆಯ್ತಲ್ಲ ಕಣ್ಲಾ, ಅದ್ಕೇ ಸೇರ್ಕಂಡೆ."

ವಿಷಯ ಇಷ್ಟು. ಶಾಲೆಯ ಮಕ್ಕಳಿಗೆ ಅವರು ಕೆಲವು ವರ್ಷಗಳಿಂದ ಕೋಡಿಂಗ್ ಹೇಳಿಕೊಡುತ್ತಿದ್ದರು. ಅಲ್ಲಿದ್ದ ಕಂಪ್ಯೂಟರುಗಳು ಹಳೆಯವು. "ನನ್ನಂಗೇ ಮುದುಕ್ರು. ಕೆಲ್ಸ ಮಾಡಾದು ಎಲ್ಲೋ ಇರೋ ದೊಡ್ ಮಿಷನ್ನು, ಇವು ಬರೀ ಹೇಳಿ ಕಳಿಸ್ತವೆ" ಎಂದು ಅವರು ಕ್ಲೌಡನ್ನು ವಿವರಿಸಿದರು. ಆ ದೊಡ್ಡ ಮಿಷನ್ನಿನಲ್ಲಿ ಕಂಪನಿಯೊಂದು ಶಿಕ್ಷಕರಿಗೆ ಬಿಟ್ಟಿಯಾಗಿ ಜಾಗ ಕೊಟ್ಟಿತ್ತು. ಚಿಕ್ಕ ಮಕ್ಕಳು ಸ್ವಂತ ಖಾತೆ ತೆರೆಯುವಂತಿಲ್ಲ. ಅವರು ಬರೆದದ್ದೆಲ್ಲ ಇದ್ದದ್ದು ಮೇಷ್ಟ್ರ ಖಾತೆಯಲ್ಲೇ. ನಿವೃತ್ತಿಯಾದೊಡನೆ ಅದು ಮುಚ್ಚುತ್ತದೆ, ಮಕ್ಕಳ ಕೆಲಸವೆಲ್ಲ ಅಳಿಸಿಹೋಗುತ್ತದೆ. ಶಾಲೆಯಲ್ಲಿ ಮೇಷ್ಟ್ರ ಜಾಗಕ್ಕೆ ಬೇರೆ ಯಾರೂ ಬಂದಿರಲಿಲ್ಲ.

"ಟೀಚರ್‌ಗೆ ಬಿಟ್ಟಿ, ಸ್ಟೂಡೆಂಟ್‌ಗೆ ಬಿಟ್ಟಿ. ರಿಟೈರ್ ಆದೋರ್ಗೆ ಕಾಲಮ್ಮೇ ಇಲ್ಲ. ಇನ್ನು ಟೀಚರ್ ಆಗಕ್ಕಾಗಾಕಿಲ್ಲ. ಉಳಿದಿದ್ದು ಒಂದೇ."

"ಅದು ಮೋಸ ಆಗಲ್ವೇ ಮೇಷ್ಟ್ರೇ?"

"ಏನ್ಲಾ ಮೋಸ? ನೀನು ಹೇಳಿದ್ದೆಲ್ಲ ಬರ್ಕಳ್ತಿಲ್ವಾ ನಾನು? ಮಕ್ಳಿಗೆ ಕಲಿಸ್ತೀನಿ ಅಂತ ಆ ಕಂಪ್ನಿಯೋರ್ಗೇ ಬರ್ದು ಕೇಳಿವ್ನಿ. ಕಲಿಯಕ್ಕೆ ಆದ್ರೆ ಸರಿ ಅಂದವ್ರೆ. ನಿಂದೊಂದು, ಹುಟ್ದಾಗಿಂದ ಭಯ."

ಜಗತ್ತಿನಲ್ಲಿ ಬಿಟ್ಟಿ ಎಂಬುದೇ ಇಲ್ಲ ಎಂದು ಪ್ರತಿವರ್ಷ ಮೊದಲ ಪಾಠದಲ್ಲೇ ಹೇಳುವವನು ನಾನು. ಬಿಟ್ಟಿಯದನ್ನು ಉಳಿಸಿಕೊಳ್ಳಲು ಒಬ್ಬರು ಬಿ.ಎ.ಗೇ ಸೇರಬಹುದು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮೇಷ್ಟ್ರು ನನ್ನನ್ನು ಹೊಳವನಹಳ್ಳಿಯ ಶಾಲೆಗೆ ಕರೆದೊಯ್ದರು. ಮಕ್ಕಳು ಬಸ್ಸಿನದೊಂದು ವೆಬ್ ಪುಟ ಮಾಡಿದ್ದರು. ಕೊರಟಗೆರೆಯ ಬಸ್ಸು ಬಂತೇ, ಹೋಯಿತೇ, ಕೆಟ್ಟು ನಿಂತಿದೆಯೇ ಎಂಬುದನ್ನು ಸ್ಟಾಪಿನ ಎದುರಿನ ಟೀ ಅಂಗಡಿಯಾಕೆ ತನ್ನ ಮೊಬೈಲಿನಲ್ಲಿ ಒತ್ತುವಳು. ಹೂವಿನ ಬುಟ್ಟಿ ಹೊತ್ತು ಹೋಗಬೇಕಾದ ಹೆಂಗಸರು ಅದನ್ನು ನೋಡಿಕೊಂಡೇ ಮನೆ ಬಿಡುವರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದೆ. ಮೇಷ್ಟ್ರು ಸುಮ್ಮನಿರಬೇಕಲ್ಲ. "ಬಾರ್ಲಾ, ನೀನೂ ಏನಾರ ಒತ್ತು. ಹೆದ್ರಬ್ಯಾಡ, ಒತ್ತು."

ಒತ್ತಿದೆ. ಪರದೆ ಬೆಳ್ಳಗಾಯಿತು. ಬಸ್ಸೂ ಇಲ್ಲ, ಊರೂ ಇಲ್ಲ.

ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಮೇಷ್ಟ್ರೇ, ನಿಮ್ ಶಿಷ್ಯ ಎಲ್ಲಾ ಅಳಿಸ್ಬುಟ್ರು!" ಮೇಷ್ಟ್ರು ಬಾಗಿ ಎರಡು ಕೀಲಿ ಒತ್ತಿದರು, ಹಿಂದಿನ ಪ್ರತಿ ಹಾಗೇ ಎದ್ದು ಬಂತು. ನಾನು ಅಂಗಿಯ ತೋಳಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಮೆಲ್ಲಗೆ ಅಂದರು: "ಖಾತೆ ಇರಾಗಂಟ ಹೋಗಿದ್ದೆಲ್ಲ ಬತ್ತದೆ ಕಣ್ಲಾ. ಖಾತೆನೇ ಹೋದ್ರೆ ನನ್ ಕೈಲೂ ತರಕ್ಕಾಗಾಕಿಲ್ಲ." ಆಗ ಮಾತ್ರ ಅವರು ನಗುತ್ತಿರಲಿಲ್ಲ.

ತರಗತಿಯಲ್ಲಿ ಅವರು ಒಮ್ಮೆಯೂ ನನ್ನ ಮಾನ ತೆಗೆಯಲಿಲ್ಲ. ಅನುಮಾನ ಬಂದರೆ ಕೈಯೆತ್ತಿ, ಅಪ್ಪಣೆ ಸಿಗುವತನಕ ಎತ್ತಿಕೊಂಡೇ ಇರುವರು. ಆ ಕೈ ಕಂಡಾಗಲೆಲ್ಲ ಏಟು ಬೀಳುತ್ತದೆಂದು ನಾನು ಹಿಂದೆ ಸರಿಯುತ್ತಿದ್ದೆ. ಪದ್ಮಾವತಿಯ ಗುಂಪಿಗೆ ಅವರಿಲ್ಲದೆ ಆಗುತ್ತಿರಲಿಲ್ಲ. "ತಾತಾ, ನೋಟ್ಸ್ ಇಯ್ಯಂಡಿ" ಎಂದು ಅವಳು, "ಬರ್ಕಳಾಗ ಎಲ್ ನೋಡ್ತಿದ್ದೆ ಕಣಮ್ಮ?" ಎಂದು ಇವರು. ಬೈದು, ಕೊಟ್ಟೇ ಕೊಡುವರು.

ಕೊನೆಯ ವರ್ಷದ ಪರೀಕ್ಷೆ ಹತ್ತಿರವಾದಾಗ ಸ್ಟಾಫ್ ರೂಮಿಗೆ ಬಂದರು. ಕಿಟಕಿಯ ತುಂಬ ಬೆಟ್ಟದ ಬೋಳು ಬಂಡೆ. ಅದನ್ನೇ ನೋಡುತ್ತ, "ನಾನು ಫೇಲಾಗ್ಬೇಕು ಕಣ್ಲಾ" ಎಂದರು.

ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

"ನನ್ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬರಾ ವರ್ಷ ಹಾಕ್ತೀವಿ ಅಂತಾವ್ರೆ. ಅಲ್ಲೀಗಂಟ ನಾನು ಸ್ಟೂಡೆಂಟಾಗೇ ಇರ್ಬೇಕು. ಒಂದು ಪೇಪರ್ ಉಳಿಸ್ಕಂಡ್ರೆ ಐಡಿ ಕಾರ್ಡ್ ಕೊಡ್ತಾರಂತೆ, ಆಫೀಸ್ನಾಗೆ ಕೇಳ್ಕಂಡ್ ಬಂದೆ."

"ನನ್ನ ವಿಷಯದಲ್ಲೇ?"

"ನಿನ್ ವಿಷ್ಯದಾಗೆ ಫೇಲಾಗಿ ನಿನ್ ಮರ್ಯಾದೆ ಕಳೀಲಾ? ಇತಿಹಾಸದಾಗೆ ಆಯ್ತೀನಿ."

ಆ ತಿಂಗಳುಗಳಲ್ಲಿ ನಾನು ಪಟ್ಟ ಕಳವಳ ವಿಚಿತ್ರವಾದದ್ದು. ನನ್ನ ಮೇಷ್ಟ್ರು ಫೇಲಾಗಲಿ ಎಂದು ಬೇಡಿಕೊಳ್ಳುವುದೇ, ಬೇಡವೇ? ಬೇಡಿಕೊಂಡರೆ ಪಾಪ ಯಾರಿಗೆ?

ಫಲಿತಾಂಶ ಬಂದ ದಿನ ಮೊಬೈಲು ಹಿಡಿದು ಓಡಿಬಂದವಳು ಪದ್ಮಾವತಿ. "ತಾತಾ! ಪಾಸೈಪೋಯಾರು! ಫಸ್ಟ್ ಕ್ಲಾಸು!" ವರಾಂಡವೆಲ್ಲ ಚಪ್ಪಾಳೆ. ಅಟೆಂಡರು ಬಂದು ಕೈಕುಲುಕಿದ. ಯಾರೋ ಹೂವಿನ ಹಾರವನ್ನೇ ಹಾಕಿಬಿಟ್ಟರು. ಮೇಷ್ಟ್ರು ಕಂಬಕ್ಕೆ ಒರಗಿ, ಸಾವಿನ ಮನೆಯ ಮುಂದೆ ನಿಂತವರಂತೆ ನಿಂತಿದ್ದರು.

ಜನ ಕರಗಿದ ಮೇಲೆ ಕೇಳಿದೆ. "ಖಾಲಿ ಬಿಟ್ಟು ಬರೋದಲ್ವೇ ಮೇಷ್ಟ್ರೇ?"

"ಅಂಗಂತಲೇ ಹೋಗಿದ್ದು ಕಣ್ಲಾ. ನಂಬರ್ ಬರ್ದು ಕೈಕಟ್ಟಿ ಕುಂತೆ. ಪ್ರಶ್ನೆ ಎದುರಿಗೈತೆ, ಉತ್ತರ ಗೊತ್ತೈತೆ. ಯಾರೋ ಕೇಳ್ತಾವ್ರೆ, ನಾನು ಸುಮ್ಕೆ ಕುಂತಿವ್ನಿ ಅಂದ್ರೆ ಹೆಂಗ್ಲಾ? ಒಂದ್ಕೆ ಬರ್ದ್ಬುಡಾನ ಅಂದ್ಕಂಡೆ." ತಲೆ ತಗ್ಗಿಸಿದರು. "ಆಮ್ಯಾಕೆ ಅಡಿಷನಲ್ ಶೀಟ್ ಇಸ್ಕಂಡೆ."

ಅದು ಅವರ ಬದುಕಿನ ಮೊದಲ ಡಿಗ್ರಿ. ಅಭಿನಂದನೆ ಎನ್ನುವ ಬದಲು, ತುಮಕೂರಿನಲ್ಲಿ ಎಂ.ಎ.ಗೆ ಸೇರಬಾರದೇ ಎಂದೆ. "ಅಲ್ಲಿ ಹುಡುಗ್ರು ಸೀಟಿಗೆ ಕಾಯ್ತಾವ್ರೆ. ಅವ್ರದ್ ಕಿತ್ಕಳಾದಾ?" ಎಂದರು. ಕೊನೆಗೆ ಅವರೇ ಹುಡುಕಿಕೊಂಡರು. ಪಾವಗಡದಲ್ಲೊಂದು ಡಿಪ್ಲೊಮಾ, ಸೇರುವವರಿಲ್ಲದೆ ಸೀಟುಗಳು ಖಾಲಿ ಬಿದ್ದಿದ್ದವು. ಮಗಳ ಮನೆಯೂ ಅಲ್ಲೇ. "ಮಿಷನ್ ಎಲ್ಲೋ ಇದ್ಕಂಡು ಕೆಲ್ಸ ಮಾಡ್ತದೆ. ನಾನೂ ಮಾಡ್ತೀನಿ. ಶನಿವಾರ ಬಂದೋದ್ರಾಯ್ತು."

ಹೊಸ ಗುರುತಿನ ಚೀಟಿ ಬಂತು, ಖಾತೆ ಉಳಿಯಿತು, ಹೊಳವನಹಳ್ಳಿಯ ಬಸ್ಸಿನ ಪುಟ ನಡೆಯುತ್ತಿದೆ. ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಈ ವರ್ಷ ಯಾರೂ ಕೂತಿಲ್ಲ. ನಾನು ತಪ್ಪು ಹೇಳಿದರೂ ಯಾರೂ ಕೈಯೆತ್ತುವುದಿಲ್ಲ.

ಕಡೆಯ ಸಲ ಅವರನ್ನು ಕಂಡದ್ದು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ, ಪಾವಗಡಕ್ಕೆ ಹೊರಟಾಗ. ಹಾಸಿಗೆ ಸುರುಳಿಯನ್ನು ಬಸ್ಸಿನ ಮೇಲೆ ಹಾಕಿಸಿ, ಕಿಟಕಿ ಪಕ್ಕ ಕೂತು, ಏನೋ ಲೆಕ್ಕ ಹಾಕುತ್ತಿದ್ದರು. ಬಸ್ಸು ಹೊರಟ ಮೇಲೆ ತಟ್ಟನೆ ತಲೆ ಹೊರಗೆ ಹಾಕಿದರು. ಅವರ ಮುಖದಲ್ಲಿ ಭಯ ಕಂಡದ್ದು ನನಗೆ ಅದೇ ಮೊದಲು.

"ಲೇ ನಾಗ," ಎಂದು ಕೂಗಿದರು, "ಅಲ್ಲೂ ಪಾಸಾಗ್ಬುಟ್ರೆ ಏನ್ಲಾ ಮಾಡಾದು?"