ಮೇಷ್ಟ್ರ ಎಡ ಅಂಗೈ

ಅವರ ಎಡ ಅಂಗೈ ಯಾವಾಗ ನೋಡಿದರೂ ನೀಲಿ. ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ನಾಲ್ಕು ಅಂಕಿಗಳು, ಪಕ್ಕದಲ್ಲಿ ಒಂದೊಂದು ಅಕ್ಷರ, ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸಾಲಾಗಿ. ಅಂಕಿ ಅಂದರೆ ಯಾರದೋ ಅರ್ಜಿಯ ಕೊನೆಯ ನಾಲ್ಕು ನಂಬರು, ಅಕ್ಷರ ಅವರ ಊರಿನದು. ಸಂಪಿಗೆಗೆ ‘ಸಂ’, ದಬ್ಬೇಘಟ್ಟಕ್ಕೆ ‘ದ’. ಕೆಲಸ ಮುಗಿದರೆ ಆ ಸಾಲಿನ ಮೇಲೆ ಒಂದು ಗೀಟು. ಆರ್‌ಟಿಓ ಆಫೀಸಿನ ಕಾಂಪೌಂಡಿನ ಹೊರಗೆ, ಹೊಂಗೆ ಮರದ ನೆರಳಿನಲ್ಲಿ, ಮಡಚುವ ಟೇಬಲ್ಲು ಹಾಕಿಕೊಂಡು ಅರ್ಜಿ ತುಂಬಿಕೊಡುತ್ತಿದ್ದರು. ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಆದರೂ ಎಲ್ಲರ ಬಾಯಲ್ಲೂ ಮೇಷ್ಟ್ರು.

ಸಂಜೆ ಟೇಬಲ್ಲು ಮಡಚುವ ಮೊದಲು ಒಂದು ಪುಟ್ಟ ಬಾಟಲಿಯಿಂದ ಕೊಬ್ಬರಿ ಎಣ್ಣೆ ಸುರಿದುಕೊಂಡು ಅಂಗೈಯನ್ನು ಗಸಗಸ ಉಜ್ಜುತ್ತಿದ್ದರು. ನೀಲಿಯೆಲ್ಲ ಬಿಟ್ಟ ಮೇಲೆ ಸೋಪು ಹಾಕಿ ತೊಳೆಯುತ್ತಿದ್ದರು. “ಬೆಳಿಗ್ಗೆ ಎದ್ರೆ ಲಿಂಗ ಕೂರೋ ಅಂಗೈ ಕಣವ್ವ ಇದು. ಸರ್ಕಾರದ್ ನಂಬ್ರು ಅಲ್ಲಿರಬಾರ್ದು” ಅನ್ನುತ್ತಿದ್ದರು. ಬೆಳಿಗ್ಗೆ ಎದೆಯ ಮೇಲಿನ ಲಿಂಗವನ್ನು ಅದೇ ಅಂಗೈಯಲ್ಲಿಟ್ಟು ಪೂಜೆ ಮುಗಿಸಿ, ಹಿಂದಿನ ದಿನ ಉಳಿದ ನಂಬರುಗಳನ್ನು ನೆನಪಿನಿಂದಲೇ ಮತ್ತೆ ಬರೆದುಕೊಂಡು ಬಸ್ಸು ಹತ್ತುತ್ತಿದ್ದರು. ಒಂದು ಪುಸ್ತಕ ಇಟ್ಟುಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. “ಪುಸ್ತಕ ಮುಚ್ಚಿಟ್ರೆ ಮರ್ತೋಯ್ತದೆ. ಕೈಯಾದ್ರೆ ಉಣ್ಣೋವಾಗ್ಲೂ ಕಣ್ಮುಂದೆ ಇರ್ತದೆ” ಎಂದಿದ್ದರು.

ಆ ಆಫೀಸಿನ ಹೆಸರೆತ್ತಿದರೆ ಈಗಲೂ ನನ್ನ ಸೊಂಟ ನೋಯುತ್ತದೆ. ಹೋದರೆ ಸರ್ವರ್ ಇಲ್ಲ. ಸರ್ವರ್ ಇದ್ದರೆ ಕರೆಂಟಿಲ್ಲ. ಎರಡೂ ಇದ್ದ ದಿನ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ. ಎಲ್ಲಾ ಆನ್‌ಲೈನ್ ಆಗಿದೆ, ಜನ ಅಲೆಯುವುದು ತಪ್ಪಿತು ಎಂದು ಗೋಡೆಗೆ ಬೋರ್ಡು ಹಾಕಿದ್ದಾರೆ. ಆ ಗೋಡೆಗೆ ಒರಗಿಕೊಂಡೇ ನಾನು ಎಷ್ಟು ಮಧ್ಯಾಹ್ನ ಕಳೆದೆನೋ ಶಿವನಿಗೇ ಗೊತ್ತು. ಮೊಬೈಲಿಗೆ ಬರಬೇಕಾದ ಓಟಿಪಿ, ಬಸ್ಸಿನಲ್ಲಿ ಮನೆಗೆ ವಾಪಸಾಗುವಾಗ ಬರುತ್ತಿತ್ತು. ಸಾಕಪ್ಪ ಸಾಕು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಗಾಡಿ ಮಾರಲಿಕ್ಕೆ. ನಮ್ಮ ಯಜಮಾನರದು ನಾಲ್ಕು ಚಕ್ರದ ಸಣ್ಣ ಲಗೇಜ್ ಗಾಡಿ. ತೋಟಗಳಿಂದ ಕಾಯಿ, ಮಾರ್ಕೆಟ್ಟಿಗೆ ಕೊಬ್ಬರಿ ಚೀಲ, ನಾರಿನ ಫ್ಯಾಕ್ಟರಿಗೆ ಸಿಪ್ಪೆ ಹೊಡೆದು ನಾಲ್ಕು ಜನ ಉಣ್ಣುತ್ತಿದ್ದೆವು. ಅವರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಗಾಡಿ ಮೂರು ತಿಂಗಳು ಅಂಗಳದಲ್ಲೇ ನಿಂತಿತು. ಕೋಳಿಗಳು ಅದರಡಿ ಮೊಟ್ಟೆ ಇಡತೊಡಗಿದವು. ನಮ್ಮ ಮೈದುನ ಗಿರಾಕಿ ಹುಡುಕಿಕೊಂಡು ಬಂದ. ಅವನದೂ ತಪ್ಪೆನ್ನಲಾರೆ, ನಿಂತ ಗಾಡಿ ಕಬ್ಬಿಣದ ಬೆಲೆಗೆ ಬರುತ್ತದೆ. ಹೆಸರು ಬದಲಾಯಿಸುವ ಅರ್ಜಿ ಬರೆಸಲು ನನ್ನನ್ನೂ ಕರೆದುಕೊಂಡು ಮೇಷ್ಟ್ರ ಟೇಬಲ್ಲಿಗೆ ಹೋದ.

ಅವನು ಜೆರಾಕ್ಸ್ ಮಾಡಿಸಲು ಆಚೆ ಹೋದಾಗ ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅವರ ಬಲಗಣ್ಣಿನ ಮೇಲೆ ಬಿಳಿಯ ಪೊರೆ. ಕಾಗದವನ್ನು ಎಡಗಣ್ಣಿನ ಹತ್ತಿರ ಹಿಡಿದೇ ಓದಬೇಕು. ಅದೇ ಕಣ್ಣಿನಲ್ಲಿ ನನ್ನನ್ನು ನೋಡಿದರು.

“ಗಾಡಿ ಮಾರಕ್ಕೆ ನಿನಗೆ ಮನಸೈತೇನವ್ವ?”

“ಮನಸು ಇದ್ರೆಷ್ಟು ಬುಟ್ರೆಷ್ಟು ಮೇಷ್ಟ್ರೇ. ಓಡ್ಸೋರಿಲ್ಲ.”

“ನಿನಗೆ ಬರಕಿಲ್ವಾ?”

“ತೋಟದೊಳಗೆ ಕಾಯಿ ತುಂಬೋವಾಗ ಮರದಿಂದ ಮರಕ್ಕೆ ಓಡ್ಸಿದೀನಿ. ರೋಡಿಗೆ ಇಳ್ಸಿಲ್ಲ.”

ಮಾರಾಟದ ಅರ್ಜಿಯನ್ನು ಮಡಚಿ ಕಾಗದದ ಕಟ್ಟಿನ ಅಡಿಗೆ ಹಾಕಿದರು. ಅಂಗೈಯಲ್ಲಿ ನನ್ನ ಊರಿನ ಅಕ್ಷರ ಬರೆದುಕೊಂಡು, ಅದರ ಮುಂದೆ ನಂಬರಿಗೆ ಜಾಗ ಬಿಟ್ಟರು. “ಮಾರೋದು ಯಾವತ್ತಿದ್ರೂ ಇದ್ದದ್ದೇ. ಮೊದ್ಲು ಎಲ್ಎಲ್ ಮಾಡ್ಸು, ಕಲಿಯೋರ್ ಲೈಸೆನ್ಸು” ಎಂದರು. ಮೈದುನ ಬಂದು ಕುಣಿದಾಡಿದ. ಕೊನೆಗೆ ಒಂದು ಮಾತಿಗೆ ನಿಂತ. ನಾನು ಟೆಸ್ಟಿನಲ್ಲಿ ಪಾಸಾಗಿ ಲೈಸೆನ್ಸ್ ತಂದರೆ ಗಾಡಿ ಮನೆಯಲ್ಲಿರುತ್ತದೆ. ಫೇಲಾದರೆ ಮಾರನೆಯ ದಿನವೇ ಗಿರಾಕಿಗೆ ಕೀ ಕೊಡಬೇಕು.

ಮೇಷ್ಟ್ರು ತಮ್ಮ ಬದುಕಿನಲ್ಲಿ ಸೈಕಲ್ಲೂ ಹೊಡೆದವರಲ್ಲ. ಆ ಕಣ್ಣಿಗೆ ಲೈಸೆನ್ಸ್ ಸಿಗುವಂತೆಯೂ ಇರಲಿಲ್ಲ. ಆದರೆ ಹೊಂಗೆ ಮರದಡಿ ಕೂತು ಎಷ್ಟು ಸಾವಿರ ಟೆಸ್ಟು ನೋಡಿದ್ದರೋ. ಸಾಹೇಬರು ಎಲ್ಲಿ ನಿಂತು ನೋಡುತ್ತಾರೆ, ಸೀಟ್ ಬೆಲ್ಟ್ ಯಾವಾಗ ಹಾಕಬೇಕು, ಎಂಟು ಹಾಕುವಾಗ ಎಲ್ಲಿ ಸ್ಟೇರಿಂಗು ತಿರುಗಿಸಬೇಕು, ಎಲ್ಲ ಬಾಯಿಪಾಠ. “ಎರಡು ತೆಂಗಿನ ಮರ ಸುತ್ತಿ ಬಂದ್ರೆ ಅದೇ ಎಂಟು ಕಣವ್ವ. ನಿಮ್ ತೋಟದಲ್ಲಿ ದಿನಾ ಹಾಕು” ಎಂದರು. ಎಮ್ಮೆ ಹಾಲು ಕರೆದು, ಯಜಮಾನರಿಗೆ ಗಂಜಿ ಕುಡಿಸಿ, ಬೆಳಗಿನ ಹೊತ್ತು ತೋಟದಲ್ಲಿ ಎಂಟು ಹಾಕಿದೆ. ಮರಗಳಿಗೇ ತಲೆ ತಿರುಗಬೇಕು, ಅಷ್ಟು ಹಾಕಿದೆ.

ಟೆಸ್ಟಿನ ದಿನ ಎಂಟು ಸಲೀಸಾಗಿ ಬಂತು. ರಿವರ್ಸೂ ಆಯಿತು. ಕೊನೆಗೆ ಗಾಡಿಯನ್ನು ಸುಣ್ಣದ ಗೆರೆ ಎಳೆದ ಚೌಕದಲ್ಲಿ ನಿಲ್ಲಿಸಿ, ಸಾಹೇಬರು ಬರೆದುಕೊಳ್ಳುವವರೆಗೆ ಒಳಗೇ ಕೂತಿರಬೇಕು. ಆ ಬಯಲು ಹಿಂದೆ ಯಾರದೋ ತೋಟವಾಗಿತ್ತಂತೆ. ಎಲ್ಲ ಮರ ಕಡಿದು ಮೂಲೆಯಲ್ಲಿ ಒಂದನ್ನು ಬಿಟ್ಟಿದ್ದರು. ಅದು ಸರ್ಕಾರದ ಮರ, ಹರಾಜಾಗದೆ ಯಾರೂ ಕಾಯಿ ಕೀಳುವಂತಿಲ್ಲ. ಹರಾಜು ಯಾವ ಕಾಲಕ್ಕೂ ಆಗುವಂತಿರಲಿಲ್ಲ. ಆ ಚೌಕ ಸರಿಯಾಗಿ ಆ ಮರದ ಬುಡಕ್ಕೆ ಅಂಟಿಕೊಂಡಿತ್ತು. ನಾನು ಕತ್ತೆತ್ತಿ ನೋಡಿದೆ. ಎರಡು ಗೊನೆ, ಪೂರಾ ಒಣಗಿ ಕಂದು ತಿರುಗಿದ ಕಾಯಿ. ಜೊತೆಗೆ ಜೋತುಬಿದ್ದ ಒಂದು ಗರಿ.

ತೆಂಗಿನ ಸೀಮೆಯಲ್ಲಿ ಹುಟ್ಟಿದವಳು ನಾನು. ನಡೆಯಲು ಕಲಿಯುವ ಮೊದಲೇ ನಮಗೆ ಕಲಿಸುವುದು ಇದನ್ನ: ಕಾಯಿ ಬಲಿತ ಮರದಡಿ ನಿಲ್ಲಬೇಡ, ಕರು ಕಟ್ಟಬೇಡ, ಮಂಚ ಹಾಕಬೇಡ. ನಮ್ಮ ಬೀದಿಯಲ್ಲೇ ಒಂದು ಕರು ಸೊಂಟ ಮುರಿದುಕೊಂಡದ್ದನ್ನು ನೋಡಿದ್ದೇನೆ. ತೋಟದಲ್ಲೂ ಗಾಡಿ ನಿಲ್ಲಿಸುವುದು ಎರಡು ಮರಗಳ ನಡುವಿನ ಬಯಲಲ್ಲೇ. ತಲೆ ಏನು ಯೋಚಿಸಿತೋ ಗೊತ್ತಿಲ್ಲ, ಕಾಲು ಬ್ರೇಕ್ ಒತ್ತಿತು. ಚೌಕದಿಂದ ಎರಡು ಮಾರು ಹಿಂದೆ, ಬಿಸಿಲಲ್ಲಿ ಗಾಡಿ ನಿಂತಿತು.

“ಬಾಕ್ಸ್ ಒಳಗೆ ನಿಲ್ಲಿಸಿ” ಎಂದರು ಸಾಹೇಬರು. ಅವರು ನಮ್ಮ ಕಡೆಯವರಲ್ಲ.

“ಮೇಲೆ ಕಾಯಿ ಐತೆ ಸಾರ್.”

“ಕಾಯಿ ಇದ್ದರೆ ನಿಲ್ಲಿಸಬಾರದು ಅಂತ ಯಾವ ರೂಲ್ಸಲ್ಲಿದೆಯಮ್ಮ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಇನ್ನೊಂದು ಸಲ ಗೇರ್ ಹಾಕಿದೆ, ಗಾಡಿ ಆಫ್ ಆಯಿತು. ಫೇಲ್ ಎಂದು ಬರೆದುಬಿಟ್ಟರು. ಡ್ರೈವಿಂಗ್ ಸ್ಕೂಲಿನವರು ತಮ್ಮವರಿಗೆ ಮೊದಲೇ ಆ ಚೌಕದಲ್ಲಿ ಹತ್ತು ಸಲ ನಿಲ್ಲಿಸಿ ಧೈರ್ಯ ಬರಿಸಿರುತ್ತಾರಂತೆ. ನನಗೆ ಸ್ಕೂಲು ನಮ್ಮ ತೋಟ, ಅಲ್ಲಿ ಕಲಿತದ್ದೇ ನನಗೆ ಮುಳುವಾಯಿತು. ಕಾಂಪೌಂಡಿನ ಹೊರಗೆ ಬಂದು ಅತ್ತುಬಿಟ್ಟೆ. ನಾಚಿಕೆಗಿಂತ ಸುಸ್ತು ಹೆಚ್ಚಿತ್ತು.

ಮೇಷ್ಟ್ರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಮ್ಮ ಹಣೆಯನ್ನೇ ತಟ್ಟಿಕೊಂಡರು. “ಎಲ್ಲಾ ಹೇಳ್ಕೊಟ್ಟೆ, ಆ ಹಾಳ್ ಮರದ್ ವಿಷ್ಯ ಒಂದ್ ಮರ್ತೆ ನೋಡು. ತಪ್ಪು ನಂದು.” ಮೈದುನ ಆಗಲೇ ಗಿರಾಕಿಗೆ ಫೋನು ಹಚ್ಚಿದ್ದ. ಮೇಷ್ಟ್ರು ಅವನ ಕೈ ಹಿಡಿದರು. “ಏಳು ದಿನ ಕಳೆದ್ರೆ ಇನ್ನೊಂದ್ ಟೆಸ್ಟು ಕೊಡ್ತಾರೆ ಕಣಪ್ಪ. ನಿಮ್ಮಣ್ಣನ್ ಗಾಡಿ ಏಳು ದಿನಕ್ಕೆ ಕರಗೋಗಕಿಲ್ಲ. ಅಲ್ಲಿಗಂಟ ಸುಮ್ಕಿರು. ಆಮೇಲೆ ಆ ಅರ್ಜಿ ನಾನೇ ಬರ್ದುಕೊಡ್ತೀನಿ.” ಅವರು ಯಾರನ್ನೂ ಹಾಗೆ ಬೇಡಿಕೊಂಡದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಮೈದುನ ಫೋನು ಜೇಬಿಗಿಟ್ಟ.

ಏಳು ದಿನವೂ ನನಗೆ ಕನಸಲ್ಲಿ ಆ ಗೊನೆಗಳೇ.

ಎರಡನೆಯ ಟೆಸ್ಟಿನ ದಿನ ಮೇಷ್ಟ್ರು ಟೇಬಲ್ಲಿನ ಹತ್ತಿರ ಇರಲಿಲ್ಲ. ಎಂಟು ಹಾಕಿ, ರಿವರ್ಸ್ ಮುಗಿಸಿ, ಚೌಕದ ಕಡೆ ತಿರುಗಿದೆ. ನೋಡುತ್ತೇನೆ, ಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತಿದ್ದಾರೆ! ಬಿಳಿ ಪಂಚೆ, ತಲೆಯ ಮೇಲೆ ಟವೆಲ್ಲು. ನೆಟ್ಟಗೆ ಆ ಗೊನೆಗಳ ಅಡಿಯಲ್ಲೇ.

“ಯಾರ್ರೀ ಅದು, ಆಚೆ ಬನ್ನಿ” ಎಂದು ಸಾಹೇಬರು ಕೂಗಿದರು.

“ಗೆರೆಯಿಂದ ಆಚೆಗೇ ನಿಂತಿವ್ನಿ ಸಾರ್. ನೆರಳಿಗೆ.” ಆಮೇಲೆ ನನ್ನ ಕಡೆ ಕೈ ಬೀಸಿದರು. “ಬಾರವ್ವ, ಮೇಲೆ ನೋಡ್ಬ್ಯಾಡ, ನನ್ನ ನೋಡು! ಕಾಯಿಗೆ ಮೂರ್ ಕಣ್ಣೈತೆ, ನನಗಿಂತ ಎರಡು ಜಾಸ್ತಿ. ನೋಡ್ಕಂಡೇ ಬೀಳ್ತದೆ!”

ಈ ಸಲ ಸಾಲಿನಲ್ಲಿದ್ದವರು ನಕ್ಕದ್ದು ಬೇರೆ ತರಹ. ನಾನು ಆ ನೀಲಿ ಅಂಗೈಯನ್ನೇ ನೋಡುತ್ತಾ ಗಾಡಿಯನ್ನು ಚೌಕದೊಳಗೆ ತಂದು ನಿಲ್ಲಿಸಿದೆ. ಸಾಹೇಬರು ಬರೆದುಕೊಳ್ಳುವಷ್ಟು ಹೊತ್ತೂ ಅವರು ಅಲ್ಲಾಡಲಿಲ್ಲ. ಬಲಿಯದೆ ಒಣಗಿದ ಒಂದು ಪುಟ್ಟ ಹರಳುಗಾಯಿ ಟಪ್ಪೆಂದು ಗಾಡಿಯ ತಗಡಿನ ಮೇಲೆ ಬಿತ್ತು. ಮೇಷ್ಟ್ರು ನಗುತ್ತಲೇ ಇದ್ದರು. ಪಾಸ್ ಆಯಿತು. ಅಂಗೈಯಲ್ಲಿ ನನ್ನ ನಂಬರಿನ ಮೇಲೆ ಗೀಟೆಳೆದು, ಕಟ್ಟಿನ ಅಡಿಯಿಂದ ಮಾರಾಟದ ಅರ್ಜಿ ತೆಗೆದು, ನಾಲ್ಕು ಚೂರು ಮಾಡಿ ಮೈದುನನ ಕೈಗೆ ಕೊಟ್ಟರು.

ಅಂದಿನಿಂದ ಗಾಡಿ ನಾನೇ ಓಡಿಸುತ್ತಿದ್ದೇನೆ. ಸುಲಭವೆಂದು ಯಾರಾದರೂ ಹೇಳಿದರೆ ಅವರನ್ನು ಒಂದು ದಿನ ಸಿಪ್ಪೆ ಲೋಡಿನ ಜೊತೆ ಕಳಿಸಬೇಕು. ರಟ್ಟೆ ಸೋತುಹೋಗುತ್ತದೆ, ಕಣ್ಣಿಗೆ ದೂಳು, ಮನೆಗೆ ಹೋದರೆ ಮತ್ತೆ ಒಲೆ. ಎಫ್‌ಸಿ, ಇನ್ಶೂರೆನ್ಸ್ ಎಂದು ಆ ಆಫೀಸಿಗೂ ಅಲೆದಾಟ ತಪ್ಪಿದ್ದಲ್ಲ. ಆದರೆ ಹೋದಾಗಲೆಲ್ಲ ಹೊಂಗೆ ಮರದಡಿ ಐದು ನಿಮಿಷ ಕೂರುತ್ತಿದ್ದೆ. “ಇನ್ನೂ ಬದುಕಿದೀಯೇನವ್ವ?” “ನಿಮ್ ದಯ ಮೇಷ್ಟ್ರೇ, ಸಾಯಕ್ಕೂ ಪುರುಸೊತ್ತಿಲ್ಲ.” ಇಷ್ಟೇ ನಮ್ಮ ಮಾತು.

ಕಳೆದ ವರ್ಷ ಒಂದು ಮಧ್ಯಾಹ್ನ ಅವರು ಟೇಬಲ್ಲಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಸುದ್ದಿ ಬಂದಾಗ ಗಾಡಿಯಲ್ಲಿ ಅರ್ಧ ಲೋಡಿತ್ತು, ಹಾಗೇ ತಿರುಗಿಸಿಕೊಂಡು ಅವರ ಮನೆಗೆ ಹೋದೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಎಡಗೈ ತೊಡೆಯ ಮೇಲೆ ತೆರೆದುಕೊಂಡಿತ್ತು. ಸ್ನಾನ ಮಾಡಿಸಿ ಆ ಅಂಗೈಯಲ್ಲಿ ಲಿಂಗ ಇಡಬೇಕು. ಅವರ ಮಗಳು ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಅಳುತ್ತಿದ್ದಳು. “ನೋಡಕ್ಕ, ಇವತ್ತು ತೊಳ್ಕೊಳ್ದೇನೇ ಹೋಗ್ಬುಟ್ರು.”

“ಒಂದ್ ನಿಮಿಷ ತಡಿಯವ್ವ” ಎಂದೆ. ಅಂಗೈಯಲ್ಲಿ ಐದು ಸಾಲಿದ್ದವು. ನಾಲ್ಕಕ್ಕೆ ಗೀಟು ಬಿದ್ದಿತ್ತು. ಐದನೆಯದಕ್ಕೆ ಇಲ್ಲ. ಪಕ್ಕದಲ್ಲಿ ‘ದ’ ಎಂದಿತ್ತು. ಪೆನ್ನು ಕೇಳಿ ಇಸಿದುಕೊಂಡು ಆ ನಂಬರನ್ನು ನನ್ನ ಎಡ ಅಂಗೈಯಲ್ಲಿ ಬರೆದುಕೊಂಡೆ. ಆಮೇಲೆ ಅವಳು ಎಣ್ಣೆ ಹಚ್ಚಿ ಉಜ್ಜಿದಳು.

ಮಾರನೆಯ ದಿನ ಆಫೀಸಿನ ಪಕ್ಕದ ಸೈಬರ್ ಅಂಗಡಿಯಾಕೆಗೆ ಅಂಗೈ ತೋರಿಸಿದೆ. ಮೇಷ್ಟ್ರ ಅರ್ಜಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದವಳು ಅವಳೇ. ನೋಡಿ ಹೇಳಿದಳು: “ದಬ್ಬೇಘಟ್ಟದ ಹುಡುಗಿ ಕಣಕ್ಕ. ಮೊದಲ ಟೆಸ್ಟಲ್ಲಿ ಮರದ್ ಹತ್ರ ಹೆದ್ರಿ ಫೇಲ್ ಆದ್ಲು. ಗುರುವಾರ ಮತ್ತೆ ಐತೆ.”

ಗುರುವಾರ ನಾನು ಬಾಡಿಗೆ ಬಿಟ್ಟು ಹೋದೆ. ಮರದಲ್ಲಿ ಮೂರು ಗೊನೆ. ಹರಾಜು ಇನ್ನೂ ಆಗಿರಲಿಲ್ಲ. ಗೆರೆಯಿಂದ ಆಚೆ, ಬುಡಕ್ಕೆ ಬೆನ್ನು ಕೊಟ್ಟು ನಿಂತೆ. ಹುಡುಗಿಯ ಗಾಡಿ ಎಂಟು ಮುಗಿಸಿ ನನ್ನ ಕಡೆ ತಿರುಗಿತು.

“ಮೇಲೆ ನೋಡ್ಬ್ಯಾಡ ಕಣವ್ವ, ನನ್ನ ನೋಡು!” ಎಂದು ಕೂಗಿ ಕೈ ಬೀಸಿದೆ. ಮುಖದಲ್ಲಿ ನಗುವಿತ್ತು. ಸೀರೆಯೊಳಗೆ ಎರಡೂ ಮೊಣಕಾಲು ಗಡಗಡ ನಡುಗುತ್ತಿದ್ದವು. ಅವತ್ತು ಆ ಬಿಳಿ ಪಂಚೆಯೊಳಗೂ ಹೀಗೇ ನಡುಗಿರಬೇಕು. ನನಗದು ಆಗ ತಿಳಿಯಲಿಲ್ಲ.