ಮಗ್ಗಲ ಮಂಚದವರು

ನಮ್ಮ ಮನೆಯವರ ಹೆಸರು ಅಮೋಘಸಿದ್ದ. ಗಂಡನ ಹೆಸರನ್ನು ನಾವು ಬಾಯಿಂದ ಹೇಳುವುದಿಲ್ಲ. ಬರೆಯಲು ಅಡ್ಡಿಯಿಲ್ಲವೆಂದು ಬರೆದಿದ್ದೇನೆ. ಈ ವರ್ಷ ಸುಗ್ಗಿಯಲ್ಲಿ ತೀರಿಕೊಂಡರು. ಎದೆ ನೋಯುತ್ತದೆ ಎಂದರು, ಗೋಡೆಗೆ ಒರಗಿದರು, ಅಷ್ಟೇ.

ಊರು ಮುಶಿಗೇರಿ. ಕುರಿ ಸಾಕುವ ಮನೆತನ. ಎರಡನೇ ಮಹಾಯುದ್ಧದ ಕಾಲಕ್ಕೆ ಮಿಲಿಟರಿಗೆ ಸೇರಿದರು. ಬಂದೂಕು ಕೊಡುತ್ತಾರೆಂದು ಹೋದರೆ, ಕೈಗೆ ಬೋಗುಣಿ ಕೊಟ್ಟು ಅಲ್ಲಿಯ ದವಾಖಾನೆಯಲ್ಲಿ ನಿಲ್ಲಿಸಿದರಂತೆ. ಗಾಯ ತೊಳೆದರು, ಹೇಲು ಉಚ್ಚೆ ಎತ್ತಿದರು, ಗಂಜಿ ಕುಡಿಸಿದರು. ಯುದ್ಧ ಮುಗಿದ ಮೇಲೆ ಬಂದು ರೋಣದ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸಕ್ಕೆ ನಿಂತರು.

ಇವರು ಕುಳ್ಳಗಿದ್ದರು. ಗೊರಕೆ ಜೋರು. ಕೈಯನ್ನು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯದೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಮನೆಯ ಮುಂದೆ ಆಡು ಕುಂಟಿದರೆ ಅದೂ ಪೇಶಂಟು. ಮದುವೆಯ ಮರುದಿನ ನನಗೆ "ನಾಲಗಿ ತಗಿ" ಎಂದರು. ಹೆದರಿ ತೆಗೆದೆ. "ರಕ್ತ ಕಡಿಮಿ ಐತಿ. ತಪ್ಪಲಪಲ್ಯ ತಿನ್ನು" ಎಂದರು. ಹೊಸ ಗಂಡ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಇವರ ತಾಯಿ ಹುಚ್ಚವ್ವ ನಮ್ಮ ಜೊತೆಗೇ ಇದ್ದರು. ಮಗ ಮಂದಿಯ ಹೊಲಸು ಎತ್ತುತ್ತಾನೆಂದು ಅತ್ತೆಗೆ ಸಿಟ್ಟು.

"ಕುರಿ ಹಿಕ್ಕಿ ಬಳ್ಯಾಕ ನಾಚಿ ಮಿಲಿಟ್ರಿಗೆ ಓಡಿಹ್ವಾದಿ. ಈಗೇನ್ ಬಳೀತಿ ನೋಡ್ಕೊ" ಎನ್ನುತ್ತಿದ್ದರು. ಇವರು ನಗುತ್ತಿದ್ದರು.

ಐವತ್ತೇಳರ ಮುಂಗಾರಿನಲ್ಲಿ ಫ್ಲೂ ಜ್ವರ ಬಂತು. ದೇಶದೇಶ ಸುತ್ತಿ ಬಂದ ಜ್ವರ ಎಂದು ಡಾಕ್ಟರು ಹೇಳಿದರು. ಡಾಕ್ಟರು ಒಬ್ಬರೇ, ಹಳ್ಳಿ ಸುತ್ತುವುದರಲ್ಲೇ ಅವರ ದಿನ ಹೋಗುತ್ತಿತ್ತು. ವಾರ್ಡು ನಡೆಸುತ್ತಿದ್ದವರು ನರ್ಸಬಾಯಿ ಮರಿಯವ್ವ. ಆಕೆಗೂ ಜ್ವರ ಹತ್ತಿ ತಮ್ಮ ಖೋಲಿಯಲ್ಲಿ ಮಲಗಿದರು. ಬಾಗಿಲ ಹೊರಗೆ ಇವರನ್ನು ಕರೆಸಿ ನಿಲ್ಲಿಸಿದರು.

"ಅಮೋಘಪ್ಪಾ, ನಾ ಏಳೂ ಮಟಾ ವಾರ್ಡು ನಿಂದು."

"ನಾ ಬರೇ ಪಟ್ಟಿ ಕಟ್ಟಾಂವ್ರಿ, ಬಾಯಾರ."

"ಇನ್ನ ಮ್ಯಾಲ ಮಂದೀನ್ನ ಹಿಡದು ಕಟ್ಟು."

ಇವರ ಕೈಕೆಳಗೆ ಇದ್ದದ್ದು ಆಯಾ ಮಾಬೂಬಿ ಒಬ್ಬಳೇ. ಗಂಜಿ ಕಾಯಿಸಲು ನನ್ನನ್ನು ಕರೆದರು. ದವಾಖಾನೆಯ ಹಿತ್ತಲಲ್ಲಿ ಒಲೆ ಹೂಡಿದೆ.

ಜ್ವರಕ್ಕಿಂತ ಜನರೇ ಕಷ್ಟವಾದರು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ಮಾತಾಡಿಸಿ ಬರಬೇಕು. ಹೋಗದಿದ್ದರೆ ಬೀಗತನ ಕೆಡುತ್ತದೆ. ಒಬ್ಬ ಪೇಶಂಟಿನ ಹಿಂದೆ ಒಂದು ಚಕ್ಕಡಿ ಮಂದಿ ಬರುತ್ತಿದ್ದರು. ಮಂಚದ ಸುತ್ತ ಕುಳಿತು ಹಣೆ ಮುಟ್ಟುವರು, ಅಳುವರು, ಬೇಡವೆಂದರೂ ಬಾಯಿಗೆ ರೊಟ್ಟಿ ತುರುಕುವರು, ಪೇಶಂಟಿನ ತಂಬಿಗೆಯಲ್ಲೇ ತಾವೂ ನೀರು ಕುಡಿಯುವರು. ಆಮೇಲೆ ಅವರೇ ಬಂದು ಮಲಗುವರು.

ಇವರು ಮೊದಲು ಮಿಲಿಟರಿ ದನಿ ತೆಗೆದರು. "ಎಲ್ಲಾರೂ ಹೊರಗ ನಡೀರಿ!" ನಮ್ಮೂರ ದೇವಪ್ಪನ ಮಗಳು ಅಲ್ಲಿ ಮಲಗಿದ್ದಳು. ದೇವಪ್ಪ ಎದ್ದು ನಿಂತ.

"ನಿಮ್ಮ ಕುರಿ ನಮ್ಮ ಹೊಲದಾಗ ತರಬಿ ನಿಲ್ಲಿಸಿದಾಗ ನಾ ನಿನ್ನ ಹಿಂಗ ಓಡಿಸಿದ್ನೇನೋ?" ಎಂದ. ಮಗಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಮಳೆಯಲ್ಲೇ ಹೋಗಿಬಿಟ್ಟ. ಹುಡುಗಿ ಮನೆ ಮುಟ್ಟಿ ತೀರಿಕೊಂಡಳು.

ಇವರು ಮಣ್ಣಿಗೆ ಹೋಗಿ ಬಂದರು. ಅಂದು ಉಣ್ಣಲಿಲ್ಲ. "ಮಂದೀನ್ನ ಓಡಿಸಿದ್ರ ಪೇಶಂಟೂ ಓಡತೈತಿ" ಎಂದು ಒಂದೇ ಮಾತು ಹೇಳಿ ಮಲಗಿದರು. ಅಂದು ಗೊರಕೆ ಕೇಳಲಿಲ್ಲ.

ಮರುದಿನ ಹೊಸ ಕಾಯಿದೆ ಹಾಕಿದರು. ಒಬ್ಬ ಪೇಶಂಟಿಗೆ ಒಬ್ಬರು ಮಾತ್ರ ಒಳಗೆ ಬರಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿರಬೇಕು. ಬಂದವರು ಸುಮ್ಮನೆ ಕೂರಬಾರದು, ಆರೈಕೆ ಮಾಡಬೇಕು. ಆದರೆ ತಮ್ಮವರಿಗಲ್ಲ, ಮಗ್ಗಲ ಮಂಚದವರಿಗೆ.

ಅಸೂಟಿಯ ಅಡಿವೆವ್ವ ಸೊಸೆಯನ್ನು ಕರೆತಂದಿದ್ದಳು. ಬಾಗಿಲಲ್ಲೇ ಜಗಳಕ್ಕೆ ನಿಂತಳು.

"ನನ್ನ ಸೊಸೀನ್ನ ಬಿಟ್ಟು ಮಂದಿ ಸೊಸಿ ಕಾಲು ಒತ್ತಲೇನು?"

"ಅಕೀ ಅತ್ತಿ ನಿನ್ನ ಸೊಸಿ ಕಾಲು ಒತ್ತತಾಳಬೇ. ನೀ ಚಲೋ ಒತ್ತಿದ್ರ ಅಕೀನೂ ಚಲೋ ಒತ್ತತಾಳ."

"ಅಕೀದು ಯಾವ ಜಾತಿ?"

"ನಿನ್ನ ಸೊಸೀದು ಜ್ವರಾ ನೂರಾ ಮೂರು. ಅಕೀದೂ ನೂರಾ ಮೂರು. ಒಂದ ಜಾತಿ."

ಹೊರಗೆ ಕುಳಿತವರು ನಕ್ಕರು. "ನಗೂದೇನೈತಿ ಇದರಾಗ?" ಎಂದು ಅವರನ್ನು ಬೈದು, ಅಡಿವೆವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ನಡೆದಳು.

ಒಬ್ಬರ ತಂಬಿಗೆಗೆ ಇನ್ನೊಬ್ಬರು ಬಾಯಿ ಹಚ್ಚಬಾರದು ಎಂದೂ ಇವರು ಹೇಳಿದರು. ಜಾತಿ ಉಳಿಯಲೆಂದು ಹೇಳುತ್ತಾನೆ ಎಂದುಕೊಂಡು ಜನ ತಕರಾರು ಮಾಡಲಿಲ್ಲ. ಇವರಿಗೆ ಬೇಕಾಗಿದ್ದದ್ದು ಜ್ವರ ದಾಟದೇ ಇರುವುದು. ಹೇಗಾದರೇನು, ದಾಟುವುದು ಕಡಿಮೆಯಾಯಿತು.

ತಮ್ಮವರಾದರೆ ಮುಖ ನೋಡಿ ಅಳುತ್ತಿದ್ದರು. ಪರರ ಪೇಶಂಟಾದರೆ ಹೇಳಿದಷ್ಟು ಮಾಡುತ್ತಿದ್ದರು. ಒದ್ದೆ ಬಟ್ಟೆ ಎಂದರೆ ಒದ್ದೆ ಬಟ್ಟೆ, ಗಂಜಿ ಎಂದರೆ ಗಂಜಿ. ತಮ್ಮವರ ಕಡೆ ಕಣ್ಣು ಹೋಗುತ್ತಿತ್ತು, ಕಾಲು ಹೋಗುತ್ತಿರಲಿಲ್ಲ. ಮಾಬೂಬಿ ನನ್ನ ಒಲೆಯ ಹತ್ತಿರ ಬಂದು, "ಮಾಳವ್ವಕ್ಕಾ, ಅತ್ತಿ ಸೊಸಿ ಜಗಳಾ ಸುದ್ದಾ ಬಂದ್ ಆಗ್ಯಾವ ನೋಡು ಒಳಗ" ಎಂದಳು.

ಅಷ್ಟರಲ್ಲಿ ನಮ್ಮ ಅತ್ತೆಗೇ ಜ್ವರ ಬಂತು.

ಕಾಯಿದೆ ಇವರದೇ. ಮಗ ತಾಯಿಯ ಮಂಚದ ಹತ್ತಿರ ಕೂತರೆ ಉಳಿದವರೂ ತಮ್ಮ ತಮ್ಮವರ ಹತ್ತಿರ ಕೂರುತ್ತಾರೆ, ವಾರ್ಡು ಮತ್ತೆ ಸಂತೆಯಾಗುತ್ತದೆ. ಕೂರದಿದ್ದರೆ, ಮುದುಕಿ ಹೋಗಿಬಿಟ್ಟರೆ, ಹೆತ್ತವಳ ಬಾಯಿಗೆ ನೀರು ಬಿಡದ ಮಗ ಎಂದು ಜನ್ಮವಿಡೀ ಅನ್ನಿಸಿಕೊಳ್ಳಬೇಕು. ನಾನು ಸೊಸೆ, ನಾನೂ ಹೋಗುವಂತಿಲ್ಲ. ಅತ್ತೆಯ ಪಾಲಿಗೆ ಅಡಿವೆವ್ವ ಬಂದಳು.

ಅತ್ತೆ ಮಲಗಿದಲ್ಲಿಂದಲೇ ವಾರ್ಡಿಗೆಲ್ಲ ಕೇಳುವಂತೆ ಬೈದರು.

"ಊರ ಮಂದಿಗೆಲ್ಲಾ ಮಗಾ ಆಗ್ಯಾನ, ನನಗಷ್ಟ ಡಾಕ್ಟರ!"

"ಯವ್ವಾ, ನಾ ಡಾಕ್ಟರ ಅಲ್ಲಬೇ, ಪಟ್ಟಿ ಕಟ್ಟಾಂವ."

"ಹಂಗಾರ ಬಂದು ನನ್ನ ಬಾಯಿಗೆ ಕಟ್ಟು!"

"ಅಷ್ಟು ಪಟ್ಟಿ ಅರಬಿ ದವಾಖಾನಿಯಾಗ ಇಲ್ಲ" ಎಂದರು. ಜ್ವರದಲ್ಲಿದ್ದವರೂ ನಕ್ಕರು.

ಆಮೇಲೆ ಬೈಗುಳ ನಿಂತಿತು. ನನಗೆ ಹೆದರಿಕೆಯಾದದ್ದು ಆಗ. ಉಸಿರು ಗೊರಗೊರ ಎನ್ನುತ್ತಿತ್ತು. ಇವರು ಬೇರೆ ಮಂಚಗಳ ಕೆಲಸ ಮಾಡುತ್ತಿದ್ದರು, ಕಿವಿ ಮಾತ್ರ ಇತ್ತ ಕಡೆ.

ಒಂದು ಮಧ್ಯಾಹ್ನ ಅಡಿವೆವ್ವ ಬಿಸಿನೀರು ಒಯ್ಯಲು ಹಿತ್ತಲಿಗೆ ಬಂದಿದ್ದಳು. ನಾನು ಗಂಜಿಯ ಪಾತ್ರೆ ಹಿಡಿದು ವಾರ್ಡಿನ ಬಾಗಿಲಲ್ಲಿದ್ದೆ. ಅತ್ತೆ "ನೀರು" ಎಂದರು. ದನಿ ಸಣ್ಣಗಿತ್ತು. ಮತ್ತೆ "ನೀರು" ಎಂದರು. ಇವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ತಾಯಿಯ ತಂಬಿಗೆ ಎತ್ತಿಕೊಂಡು, ತಲೆಯ ಕೆಳಗೆ ಕೈ ಹಾಕಿದರು.

ಎಲ್ಲರೂ ನೋಡುತ್ತಿದ್ದರು. ಆಚೆ ಕಡೆ ಒಬ್ಬ ರೈತನ ಹೆಂಡತಿ ಮಲಗಿದ್ದಳು, ಅವನು ತನ್ನ ಪಾಲಿನ ಪೇಶಂಟನ್ನು ಬಿಟ್ಟು ಎದ್ದು ನಿಂತ.

ಅತ್ತೆ ತುಟಿ ಮುಚ್ಚಿಕೊಂಡರು.

"ಕುಡಿಯಬೇ."

"ಅಡಿವೆವ್ವ ಎಲ್ಲಿ?"

"ಬರ್ತಾಳ. ನೀ ಕುಡಿ. ತುಟಿ ಒಡದಾವ."

"ಒಡೀಲಿ. ಅಕೀ ಬಂದು ಕುಡಸ್ತಾಳ. ನೀ ನಿನ್ನ ಮಂಚಕ್ಕ ಹೋಗು."

"ಯವ್ವಾ..."

"ಹುಚ್ಚ ಮೂಳಾ, ಅಲ್ಲಿ ನೋಡು. ಅಂವಾ ಆಗಲೇ ಎದ್ದಾನ. ನೀ ಒಂದು ಗುಟುಕು ಕುಡಿಸಿದ್ರ ಎಲ್ಲಾರೂ ಏಳ್ತಾರ." ಇಷ್ಟು ಹೇಳಲು ಅತ್ತೆಗೆ ಭಾಳ ಹೊತ್ತು ಹಿಡಿಯಿತು.

ಆ ರೈತ ಕೂತ. ಅಡಿವೆವ್ವ ಓಡಿ ಬಂದಳು. ಇವರು ತಂಬಿಗೆಯನ್ನು ಅವಳ ಕೈಗೆ ಕೊಟ್ಟರು. ಅತ್ತೆ ಅವಳ ಕೈಯಿಂದ ಕುಡಿದರು.

ಇವರು ಹಿತ್ತಲಿಗೆ ಬಂದು ನನ್ನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಚೆನ್ನಾಗಿ ಉರಿಯುತ್ತಿದ್ದ ಒಲೆಗೆ ಕಟ್ಟಿಗೆ ಇಟ್ಟರು. "ಹೊಗಿ" ಎಂದು ಕಣ್ಣು ಒರೆಸಿಕೊಂಡರು. ನಾನೇನೂ ಕೇಳಿರಲಿಲ್ಲ.

ಅತ್ತೆ ಬದುಕಿದರು. ಮರಿಯವ್ವನವರೂ ಎದ್ದು ವಾರ್ಡಿಗೆ ಬಂದರು. ಜ್ವರ ಇಳಿಯುವವರೆಗೆ ಆ ಕಾಯಿದೆಯನ್ನೇ ನಡೆಸಿದರು.

ಅತ್ತೆಯನ್ನು ಮನೆಗೆ ಕರೆತಂದೆವು. ಕಂಬಳಿ ಹಾಸಿ ಕೂರಿಸಿದೆ. ಇನ್ನೂ ಸರಿಯಾಗಿ ಕೂತಿರಲಿಲ್ಲ.

"ಲೇ ಅಮೋಗ್ಯಾ, ನೀರು ತಾ."

ನಾನು ಎದ್ದೆ. "ನೀ ಕುಂದ್ರು. ನಿನ್ನ ಯಾರು ಕರದ್ರು?" ಎಂದರು ಅತ್ತೆ.

ಇವರು ತಂದು ಕುಡಿಸಿದರು. ಮುಗಿಸಿ, ಇನ್ನೊಂದು ತಂಬಿಗೆ ಎಂದರು.

"ಹೊಟ್ಟಿ ಒಡೀತೈತಬೇ."

"ಒಡದ್ರ ಪಟ್ಟಿ ಕಟ್ಟು. ಅದಕ್ಕ ಪಗಾರ ಕೊಡ್ತಾರಲ್ಲ ನಿನಗ."

ಅಂದಿನಿಂದ ಅದೇ ರೂಢಿಯಾಯಿತು. ಇವರು ಕೆಲಸದಿಂದ ಬಂದು ಕೈ ತೊಳೆದ ಕೂಡಲೇ ಅತ್ತೆಗೆ ನೀರಡಿಕೆ. ಇವರೂ ಬೇಸರಿಸಲಿಲ್ಲ.

ಈಗ ಅತ್ತೆಗೆ ನಾನು ನೀರು ಕೊಡುತ್ತೇನೆ. ಒಂದು ಗುಟುಕು ಕುಡಿದು ತಂಬಿಗೆ ಕೆಳಗಿಡುತ್ತಾರೆ. ಇನ್ನೊಂದು ಕೇಳುವುದಿಲ್ಲ.