ಲ್ಯಾಪ್‌ಟಾಪಿಗೆ ದೃಷ್ಟಿ ತಗದದ್ದು

ಬೆಟಗೇರಿಯ ನೇಕಾರರ ಮನಿಯೊಂದಕ್ಕ ಇನ್ವರ್ಟರ್ ರಿಪೇರಿ ಮಾಡಾಕ ಹೋಗಿದ್ದೆ. ಸೀರಿ ಡಿಸೈನಿಗಂತ ಅಲ್ಲಿ ಇನ್ನೂ ಬಳಸತಿದ್ದ ಹಳೇ ಲ್ಯಾಪ್‌ಟಾಪ್ ನೋಡಿ ಹೊಟ್ಟಿ ಉರೀತು. ನನ್ನ ಹತ್ರನೂ ಅಂಥದ್ದೇ ಐತಿ. ಹಾರ್ಡ್ ಡಿಸ್ಕ್ ಕೆಟ್ಟು ಕುಂತೈತಿ, ಈಗ ಅದರ ಮ್ಯಾಲೆ ಇಸ್ತ್ರಿ ಬಟ್ಟಿ ಇಡತೇವಿ.

"ಇದರ ಹಾರ್ಡ್ ಡಿಸ್ಕ್ ಇನ್ನೂ ನಡೀತೈತೇನ್ರಿ?" ಅಂತ ಮನಿಯೊಡತಿ ಗಂಗಕ್ಕನ್ನ ಕೇಳಿದೆ.

"ಅದು ಯಾವಾಗೋ ಸತ್ತೈತ್ರಿ. ಅದರ ಬದಲಿ ಕ್ಯಾಮೆರಾದ ಮೆಮೊರಿ ಕಾರ್ಡ್ ಹಾಕೇನಿ," ಅಂದ್ರು. ಕಾರ್ಡ್ ಹೊರಗ ತಗದು ತೋರಿಸಿದ್ರು. "ಊರಿಗೆ ಹೋಗೋವಾಗ ಎಲ್ಲಾ ಡಿಸೈನು ಎಲಿ ಅಡಕಿ ಸಂಚ್ಯಾಗ ಬರ್ತಾವ."

ಕಾರ್ಡ್ ಮತ್ತ ಹಾಕಿ ಗುಂಡಿ ಒತ್ತಿದ್ರು. ನಾ ಹತ್ರ ಸರಿಯೂದ್ರಾಗ ಚಾಲೂ ಆತು.

"ಭಾರೀ ಐತ್ರಿ," ಅಂದೆ. ಅಷ್ಟಂದದ್ದ ತಡ, ಪರದೆ ಒಮ್ಮೆ ಮಿಣುಕಿತು.

ಅಲ್ಲೇ ಕುಂತಿದ್ದ ಗಂಗಕ್ಕನ ಅತ್ತಿ ನನ್ನ ಮಾರಿ ನೋಡಿ ಎದ್ರು. ಉಪ್ಪು, ಒಣಮೆಣಸಿನಕಾಯಿ ಲ್ಯಾಪ್‌ಟಾಪಿಗೆ ನಿವಾಳಿಸಿ ಒಲಿಗೆ ಹಾಕಿದ್ರು. "ಘಾಟ ಬರಲಿಲ್ಲಂದ್ರ ಖರೇನ ದೃಷ್ಟಿ ಆಗೇತಿ ಅಂತ ತಿಳೀರಿ," ಅಂದ್ರು.

ಎಲ್ಲಾರೂ ಮೂಗು ಅರಳಿಸಿ ನಿಂತ್ರು. ಯಾರಿಗೂ ಕೆಮ್ಮು ಬರಲಿಲ್ಲ.

ನಾನೊಬ್ಬನ, ಕಣ್ಣಾಗ ನೀರು ಬರೋ ಹಂಗ ಕೆಮ್ಮಿದೆ.